ಉಸಿರೆಣಿಕೆ

"ಹಾಸಿಗೆ ಉಸಿರಾಡ್ತಿತ್ತಾ?" ಎಂದು ಟ್ಯೂಟರ್ ಮೇಡಂ ಕೇಳಿದರು.

ಗಟ್ಟಿಯಾಗಿ ಗದರಿದ್ದರೆ ಅವನಿಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಬೈಯುವವರು ಬೈದು ಮುಗಿಸುತ್ತಾರೆ, ಬೈಸಿಕೊಂಡವನು ತಲೆ ತಗ್ಗಿಸಿ ನಿಂತು ಆಚೆ ಬರುತ್ತಾನೆ. ಮೇಡಂ ನಿಜವಾಗಿಯೂ ಉತ್ತರ ಬೇಕು ಎನ್ನುವಂತೆ ಕೇಳಿ, ಅವನ ಮುಖ ನೋಡುತ್ತ ನಿಂತುಬಿಟ್ಟರು. ಏಳನೆಯ ಹಾಸಿಗೆಯ ರೋಗಿಯನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗಿ ಬಹಳ ಹೊತ್ತಾಗಿತ್ತು. ಮಡಚಿಟ್ಟ ಹೊದಿಕೆ, ಅದರ ಮೇಲೊಂದು ಕನ್ನಡಕ, ಇಷ್ಟೇ ಅಲ್ಲಿದ್ದದ್ದು. ಆದರೂ ಮಂಚದ ಕಾಲಿಗೆ ನೇತುಹಾಕಿದ್ದ ಹಾಳೆಯಲ್ಲಿ, ಆ ಹೊತ್ತಿನ ಉಸಿರು ಹದಿನೆಂಟು ಎಂದು ಇವನ ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಹಿಂದೆ ನಿಂತಿದ್ದ ಹುಡುಗಿಯರಲ್ಲಿ ಒಬ್ಬಳು ಮಾಸ್ಕಿನೊಳಗೇ ಕಿಸಕ್ಕೆಂದಳು.

ಹದಿನೆಂಟು ಅವನೊಬ್ಬನೇ ಕಂಡುಹಿಡಿದದ್ದಲ್ಲ. ಜ್ವರ, ರಕ್ತದೊತ್ತಡ, ನಾಡಿ ಎಲ್ಲವನ್ನೂ ಯಂತ್ರವೇ ಅಳೆದು ತಾನೇ ಪರದೆಗೆ ಕಳಿಸುತ್ತಿತ್ತು. ಉಸಿರೊಂದನ್ನು ಮಾತ್ರ ಮನುಷ್ಯನೇ ಕಣ್ಣಿಟ್ಟು ಎಣಿಸಿ ಕೈಯಲ್ಲಿ ಬರೆಯಬೇಕಿತ್ತು. ಪೂರ್ತಿ ಒಂದು ನಿಮಿಷ ಒಬ್ಬರ ಎದೆಯನ್ನೇ ನೋಡುತ್ತ ಕೂರುವ ತಾಳ್ಮೆ ಯಾರಿಗಿದೆ? ತರಗತಿಯ ಮುಕ್ಕಾಲುಪಾಲು ಮಂದಿ ಹದಿನೆಂಟು ಎಂದೇ ಬರೆಯುತ್ತಿದ್ದರು, ಬೇಸರವಾದ ದಿನ ಇಪ್ಪತ್ತು. ಯಾರಿಗೂ ಗುಮಾನಿ ಬಾರದ, ಯಾವ ಡಾಕ್ಟರನ್ನೂ ಓಡಿಬರುವಂತೆ ಮಾಡದ ಸಾಧು ಸಂಖ್ಯೆ ಅದು. ಆದರೆ ಉಳಿದವರೆಲ್ಲ ಕನಿಷ್ಠ ರೋಗಿ ಮಲಗಿರುವ ಹಾಸಿಗೆಗೆ ಬರೆಯುತ್ತಿದ್ದರು.

"ಮುಂದಿನ ವಾರ ನನ್ನ ಎದುರಿಗೆ ಒಬ್ಬ ರೋಗಿಯ ಉಸಿರು ಎಣಿಸಿ ತೋರಿಸಿ," ಎಂದರು ಮೇಡಂ. ಅವರು ಅವನಿಗಿಂತ ಹತ್ತು ವರ್ಷವಾದರೂ ಚಿಕ್ಕವರು. ಅದಕ್ಕೇ ಇರಬೇಕು, ಅವನನ್ನು ಬೈಯುವಾಗ ಇನ್ನಷ್ಟು ಮರ್ಯಾದೆ ಕೊಡುತ್ತಿದ್ದರು. "ಆಗಲಿಲ್ಲ ಅಂದ್ರೆ ಈ ವರ್ಷಕ್ಕೆ ನಾನು ಸಹಿ ಹಾಕಲ್ಲ. ಬೇಜಾರು ಮಾಡ್ಕೋಬೇಡಿ."

ಸಹಿ ಬೀಳದಿದ್ದರೆ ಮೊದಲ ವರ್ಷವನ್ನೇ ಇನ್ನೊಂದು ಸಲ ಓದಬೇಕು. ಹತ್ತೊಂಬತ್ತರ ಹುಡುಗಿಯರಿಗೆ ಒಂದು ವರ್ಷ ಹೋದರೆ ಒಂದು ವರ್ಷ, ಅಷ್ಟೇ. ಅವನಿಗೆ ನಲವತ್ತಮೂರು. ಬಾಡಿಗೆ ಮನೆ ಬಿಟ್ಟು ಹೆಂಡತಿ, ಮಗಳ ಸಮೇತ ಮಾವನ ಎರಡು ಕೋಣೆಗೆ ಬಂದು ಸೇರಿಕೊಂಡಿದ್ದ. ಹೆಂಡತಿಯ ಹೊಲಿಗೆ ಮಷೀನಿನ ಮೇಲೆ ಇಡೀ ಮನೆ ನಿಂತಿತ್ತು. ಇನ್ನೊಂದು ವರ್ಷ ತಳ್ಳಬೇಕು ಎಂದು ಅವಳಿಗೆ ಹೇಳುವ ಬಾಯಿ ಅವನಿಗಿರಲಿಲ್ಲ.

ಮೀಸೆ ಚಿಗುರುವ ವಯಸ್ಸಿನಲ್ಲಿ ಲಾರಿ ಕಂಪನಿಗೆ ಸೇರಿದವನು ಮೀಸೆ ನರೆಯುವವರೆಗೂ ಅಲ್ಲೇ ಇದ್ದ. ಯಾವ ಲಾರಿ ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ದಾರಿ ಹಿಡಿಯಬೇಕು, ಯಾವ ಡ್ರೈವರಿಗೆ ನಿದ್ದೆ ಬಾಕಿ ಇದೆ, ಎಲ್ಲಿ ಸೇತುವೆ ರಿಪೇರಿ ನಡೆದಿದೆ, ಇವೆಲ್ಲ ಅವನ ತಲೆಯಲ್ಲಿರುತ್ತಿದ್ದವು. ಆಮೇಲೆ ಒಂದು ಯಂತ್ರ ಬಂತು. ಮೊದಮೊದಲು ಅದು ಎಡವಟ್ಟು ಮಾಡುತ್ತಿತ್ತು. ಇವನೇ ಪಕ್ಕದಲ್ಲಿ ಕೂತು ತಿದ್ದಿದ, ಮಗುವಿಗೆ ಅಕ್ಷರ ತೀಡಿಸಿದ ಹಾಗೆ. ಅದು ಚೆನ್ನಾಗಿ ಕಲಿತ ದಿನ ಇವನಿಗೆ ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಅವತ್ತಿನಿಂದ ಅವನು ಬಾಲ ಸುಟ್ಟ ಬೆಕ್ಕಿನಂತಾಗಿದ್ದ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕೂತರೆ ಬಲಗಾಲು ತಾನಾಗಿ ಕುಣಿಯಲು ಶುರುಮಾಡುತ್ತಿತ್ತು.

ನರ್ಸಿಂಗ್ ಓದಿ ಎಂದವರು ಮಾವ. ಅವರು ಕೆಲಸ ಮಾಡಿದ್ದು ಒಂದು ದೊಡ್ಡ ಕಟ್ಟಡದ ಲಿಫ್ಟಿನಲ್ಲಿ. ಸ್ಟೂಲಿನ ಮೇಲೆ ಕೂತು ಜನರನ್ನು ಮೇಲೆ ಕೆಳಗೆ ಒಯ್ಯುವ ಕೆಲಸ. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ಮನೆಯಲ್ಲಿ ತಮಗೊಬ್ಬರಿಗೇ ಇದೆ ಎಂದು ಅವರು ನಂಬಿದ್ದರು.

"ಒಂದಿನ ಬಂದು ನನ್ನ ಸ್ಟೂಲು ತೆಗೆದು ಗೋಡೆಗೆ ಗುಂಡಿ ಹಚ್ಚಿದ್ರು ಅಳಿಯಂದ್ರೇ. ಮುಗೀತು ಕಥೆ. ನನ್ನ ಕೆಲಸ ನುಂಗಿದ್ದು ಇಷ್ಟಗಲದ ಗುಂಡಿ," ಎಂದು ಹೆಬ್ಬೆರಳಿನ ತುದಿ ತೋರಿಸುತ್ತಿದ್ದರು. "ಗುಂಡಿ ಒತ್ತಿದ್ರೆ ಲಿಫ್ಟ್ ಮೇಲೆ ಹೋಗುತ್ತೆ, ಸರಿ. ಗುಂಡಿ ಒತ್ತಿ ಯಾರ ಗಾಯಾನಾದ್ರೂ ಒರೆಸೋಕಾಗುತ್ತಾ? ಯಾರ ಬಟ್ಟೆನಾದ್ರೂ ಬದಲಾಯಿಸೋಕಾಗುತ್ತಾ? ಕಣ್ಣು ಮುಚ್ಕೊಂಡು ಸೇರ್ಕೊಳಿ. ಇದು ಗಟ್ಟಿ ಕೆಲಸ."

ಕಣ್ಣು ಮುಚ್ಚಿಕೊಂಡು ಸೇರಿದ. ಹುಡುಗಿಯರು ಅವನನ್ನು ಅಂಕಲ್ ಎಂದು ಕರೆದರು. ಹಾಸಿಗೆ ಹಾಸುವುದನ್ನು ಕಲಿತ, ಮಲಗಿದವರಿಗೆ ಮೈ ಒರೆಸುವುದನ್ನು ಕಲಿತ, ಹೇಸಿಗೆಯನ್ನೂ ನುಂಗಿಕೊಂಡ. ಅವನಿಗೆ ದಕ್ಕದೆ ಉಳಿದದ್ದು ಆ ಒಂದು ನಿಮಿಷ. ಉಳಿದ ಕೆಲಸಗಳಲ್ಲಿ ಕೈಗೆ ಏನಾದರೂ ಕೆಲಸವಿರುತ್ತದೆ. ಇದರಲ್ಲಿ ಸುಮ್ಮನೆ ಕೂರಬೇಕು. ಕೂತ ಕೂಡಲೇ ಎಣಿಕೆಯ ಸಂದಿಯಲ್ಲಿ ಬೇರೆಯದೇ ಲೆಕ್ಕ ನುಸುಳುತ್ತಿತ್ತು. ಇದನ್ನೂ ಕಲಿತ ಮೇಲೆ ಇದನ್ನೂ ಕಸಿದುಕೊಂಡರೆ? ಆಗ ಎಷ್ಟು ವಯಸ್ಸಾಗಿರುತ್ತದೆ? ಮಗಳು ಎಷ್ಟನೇ ಕ್ಲಾಸಿನಲ್ಲಿರುತ್ತಾಳೆ? ಏಳೋ ಎಂಟೋ ಉಸಿರು ಎನ್ನುವಷ್ಟರಲ್ಲಿ ಎಣಿಕೆ ತಪ್ಪಿಹೋಗಿ, ಹದಿನೆಂಟು ಎಂದು ಬರೆದು ಎದ್ದುಬಿಡುತ್ತಿದ್ದ.

ಆ ವಾರ ಅವನು ಮನೆಯವರ ಮೇಲೆ ಅಭ್ಯಾಸಕ್ಕಿಳಿದ. ಮೊದಲು ಸಿಕ್ಕಿದವರು ಮಾವ. ಉಸಿರು ಎಣಿಸುತ್ತೇನೆ ಎಂದದ್ದೇ ತಡ, ಅವರು ಬೆನ್ನು ನೆಟ್ಟಗೆ ಮಾಡಿ, ಸೈನ್ಯಕ್ಕೆ ಸೇರಲು ಬಂದವರಂತೆ ಎದೆಯುಬ್ಬಿಸಿ ಸುಯ್ ಸುಯ್ ಎಂದು ಉಸಿರೆಳೆಯತೊಡಗಿದರು. ಮಗಳು ಉಸಿರು ಬಿಗಿಹಿಡಿದು ಕಣ್ಣು ಮೇಲೆ ಮಾಡಿ, "ಅಪ್ಪಾ, ನಾನು ಸತ್ತೋದೆ, ಬರ್ಕೋ," ಎಂದು ನಗುತ್ತ ಮಂಚದ ಮೇಲೆ ಬಿದ್ದಳು.

ಮೇಡಂ ತರಗತಿಯಲ್ಲಿ ಹೇಳಿದ್ದು ಆಗ ನೆನಪಾಯಿತು. ಉಸಿರು ಎಣಿಸುತ್ತೇನೆಂದು ರೋಗಿಗೆ ಹೇಳಲೇಬಾರದು, ಹೇಳಿದ ಕ್ಷಣವೇ ಉಸಿರು ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಂಡು, ಕಣ್ಣನ್ನು ಎದೆಯ ಮೇಲಿಡಬೇಕು. ಅವರು ನಾಡಿ ಎಂದುಕೊಂಡಿರುತ್ತಾರೆ, ನೀವು ಉಸಿರು ಕದಿಯುತ್ತಿರುತ್ತೀರಿ.

ಹೆಂಡತಿ ಹೊಲಿಗೆ ಮಷೀನಿನ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು. ಅವನು ಪಕ್ಕದಲ್ಲಿ ಕುಕ್ಕರಿಸಿ ಮೆಲ್ಲಗೆ ಅವಳ ಕೈ ಹಿಡಿದುಕೊಂಡ.

"ಏನ್ರೀ?" ಎಂದಳು.

"ಏನಿಲ್ಲ. ಸುಮ್ನೆ."

ಅವಳು ಕತ್ತರಿ ಕೆಳಗಿಟ್ಟಳು. ಎಷ್ಟೋ ತಿಂಗಳಿಂದ ಅವಳ ಹುಬ್ಬಿನ ನಡುವೆ ಇದ್ದ ಗಂಟು ಸಡಿಲವಾಯಿತು. ಹೆಗಲನ್ನು ಅವನ ಕಡೆ ಒಂದಿಷ್ಟು ವಾಲಿಸಿದಳು. ಹತ್ತು ಉಸಿರಿನವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಅವಳು ತಲೆಯೆತ್ತಿ ನೋಡಿದಾಗ ಅವನ ಕಣ್ಣು ಕೈಗಡಿಯಾರದ ಮೇಲಿತ್ತು.

"ಗಡಿಯಾರ ನೋಡ್ಕೊಂಡು ಕೈ ಹಿಡಿಯೋ ಗಂಡನ್ನ ನಾನೆಲ್ಲೂ ಕಂಡಿಲ್ಲ," ಎಂದು ಕೈ ಕಿತ್ತುಕೊಂಡಳು. ನಗುತ್ತಲೇ ಅಂದಳು, ಆದರೆ ಮಷೀನು ಜೋರಾಗಿ ಓಡತೊಡಗಿತು. ಸ್ವಲ್ಪ ಹೊತ್ತಿನ ಮೇಲೆ, ತಿರುಗಿ ನೋಡದೆಯೇ, "ಮಲಗಿದ್ರೂ ನೀವು ಓಡ್ತಾನೇ ಇರ್ತೀರಿ ಗೊತ್ತಾ? ಪಕ್ಕದಲ್ಲಿ ಮಲಗೋಳಿಗೆ ಗೊತ್ತಾಗುತ್ತೆ," ಎಂದಳು. ಅವನಿಗೆ ಪಾಪ ಎನಿಸಿತು. ಅವಳ ಬಗ್ಗೆಯೋ ತನ್ನ ಬಗ್ಗೆಯೋ ಎಂದು ಯೋಚಿಸುವಷ್ಟು ವ್ಯವಧಾನವಿರಲಿಲ್ಲ. ಹನ್ನೊಂದಕ್ಕೆ ತಪ್ಪಿದ ಎಣಿಕೆಯೇ ಅವನನ್ನು ಕೊರೆಯುತ್ತಿತ್ತು.

ಪರೀಕ್ಷೆಗೆ ಎರಡು ದಿನ ಇದ್ದಾಗ, ಆಸ್ಪತ್ರೆಯ ಮೆಟ್ಟಿಲ ಮೇಲೆ ಸಹಪಾಠಿ ಹುಡುಗಿಯೊಬ್ಬಳು ಓಡುತ್ತ ಬಂದು ತಡೆದಳು. "ಅಂಕಲ್, ಒಳ್ಳೇ ಸುದ್ದಿ! ಹೊಸ ಹಾಸಿಗೆ ಬರ್ತಿದೆ. ಉಸಿರನ್ನ ಅದೇ ಎಣಿಸುತ್ತಂತೆ. ಇನ್ನು ಹದಿನೆಂಟು ಬರೆಯೋ ಕಷ್ಟ ಯಾರಿಗೂ ಇಲ್ಲ."

ಅವಳು ಕುಣಿಯುತ್ತ ಇಳಿದುಹೋದಳು, ಅವನು ಕಟಾಂಜನ ಹಿಡಿದು ನಿಂತ. ಮೊದಲು ನಾಡಿ ಹೋಯಿತು, ಆಮೇಲೆ ಜ್ವರ ಹೋಯಿತು, ಈಗ ಉಸಿರು. ತಾನು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರೆ ಯಾರೋ ಮೇಲಿನಿಂದ ಒಂದೊಂದೇ ಮೆಟ್ಟಿಲು ಕಳಚುತ್ತ ಬರುತ್ತಿದ್ದಾರೆ ಎನಿಸಿ, ಅಲ್ಲೇ ಕೂತು ಅತ್ತುಬಿಡಬೇಕು ಅನ್ನುವಷ್ಟು ಸಂಕಟವಾಯಿತು.

ಮನೆಗೆ ಹೋಗಿ ಮಾವನಿಗೆ ಹೇಳಿದ. ಅವರು ಕುಡಿಯುತ್ತಿದ್ದ ಟೀ ಲೋಟವನ್ನು ಕೆಳಗಿಟ್ಟರು. "ಹಾಸಿಗೆಗೂ ಗುಂಡಿ ಹಚ್ಚಿದ್ರಾ?" ಎಂದರು. ಗಟ್ಟಿ ಕೆಲಸ ಎಂಬ ಮಾತು ಅವತ್ತು ಅವರ ಬಾಯಿಂದ ಬರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ವಾರ್ಡಿನ ಅರ್ಧ ಮಂಚಗಳಿಗೆ ಹೊಸ ಹಾಸಿಗೆ ಬಿದ್ದಾಗಿತ್ತು. ಹಳೆಯ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಪ್ರತಿ ಹೊಸ ಹಾಸಿಗೆಯ ತಲೆಯ ಕಡೆ ಅಂಗೈಯಗಲದ ಒಂದು ಪರದೆ, ಅದರಲ್ಲಿ ಹಸಿರು ಬಣ್ಣದ ಸಂಖ್ಯೆ. ಮೇಡಂ ಅವನನ್ನು ಕಿಟಕಿಯ ಪಕ್ಕದ ಮಂಚಕ್ಕೆ ಕರೆದೊಯ್ದು, ಅಲ್ಲಿದ್ದ ಪರದೆಯ ಮೇಲೆ ಒಂದು ಟವೆಲು ಹೊದಿಸಿದರು.

ಅವನಿಗೆ ತಡೆಯಲಾಗಲಿಲ್ಲ. "ಮೇಡಂ, ಹಾಸಿಗೆನೇ ಎಣಿಸುತ್ತಲ್ಲ. ಇನ್ನು ನಾನ್ಯಾಕೆ ಎಣಿಸ್ಬೇಕು?"

"ನನ್ನ ಕೇಳಿದ್ರೆ?" ಎಂದರು ಮೇಡಂ. ಅವರ ಕಣ್ಣ ಕೆಳಗೂ ಕಪ್ಪಾಗಿತ್ತು. "ಪಾಠ ಹೇಳೋಕೆ ಅಂತ ಮೊನ್ನೆ ನಮ್ಮ ಕ್ಲಾಸಿಗೂ ಒಂದು ಪರದೆ ತಂದಿಟ್ಟಿದ್ದಾರೆ. ಪರೀಕ್ಷೆ ತಗೊಳ್ಳೋದು ಇನ್ನೂ ನನ್ನ ಕೈಯಲ್ಲಿದೆ. ಕೂತ್ಕೊಳ್ಳಿ."

ಮಂಚದ ಮೇಲಿದ್ದವರು ಸೊಂಟದ ಮೂಳೆ ಮುರಿದುಕೊಂಡು ಬಂದ ಒಬ್ಬ ಮುದುಕಿ. ಬಿಳಿ ಕೂದಲನ್ನು ಕಿವಿಯವರೆಗೆ ಕತ್ತರಿಸಿದ್ದರು. ಅವನು ಸ್ಟೂಲು ಎಳೆದುಕೊಂಡು, ಕಲಿತ ಹಾಗೆ ಮಾಸ್ಕಿನೊಳಗೇ ಮುಗುಳ್ನಕ್ಕು, "ಅಮ್ಮ, ಸ್ವಲ್ಪ ನಾಡಿ ನೋಡ್ತೀನಿ," ಎಂದು ಮಣಿಕಟ್ಟು ಹಿಡಿದ.

"ಸುಳ್ಳು," ಎಂದರು ಮುದುಕಿ. "ಉಸಿರು ಎಣಿಸ್ತೀಯ."

ಅವನು ಮೇಡಂ ಕಡೆ ನೋಡಿದ. ಅವರೂ ಗಾಬರಿಯಾದಂತೆ ಕಂಡರು.

"ಇದೇ ವಾರ್ಡಲ್ಲಿ ಸಿಸ್ಟರ್ ಆಗಿದ್ದೆ ಕಣಪ್ಪ, ಈ ಮೇಡಂ ಹುಟ್ಟೋಕೆ ಮುಂಚೆ. ಈ ಕಳ್ಳತನ ನಾನೇ ಎಷ್ಟು ಜನಕ್ಕೆ ಹೇಳ್ಕೊಟ್ಟಿದ್ದೀನೋ ಲೆಕ್ಕ ಇಲ್ಲ. ಎಣಿಸು, ಎಣಿಸು. ನಾನು ಸುಮ್ನಿರ್ತೀನಿ."

ಸುಮ್ಮನೇನೋ ಇದ್ದರು. ಆದರೆ ಗೊತ್ತಾದ ಉಸಿರು ಎಲ್ಲಿಯಾದರೂ ಸುಮ್ಮನಿರುತ್ತದೆಯೇ? ಹೊದಿಕೆ ಒಮ್ಮೆ ತಾಲೀಮು ಮಾಡುವವರ ಹಾಗೆ ಸಮವಾಗಿ ಏಳುತ್ತಿತ್ತು, ಒಮ್ಮೆ ನಿಂತೇಬಿಡುತ್ತಿತ್ತು, ಮತ್ತೆ ಎರಡನ್ನು ಒಟ್ಟಿಗೇ ಎಳೆದುಕೊಳ್ಳುತ್ತಿತ್ತು. ಮುದುಕಿಗೇ ನಗು ಬಂತು. "ಆಗ್ತಿಲ್ಲ ಕಣೋ. ಮನಸ್ಸು ಅಲ್ಲೇ ಹೋಗುತ್ತೆ."

ಅವನು ಮಾತಿಗೆಳೆದು ನೋಡಿದ. ಮಾತಾಡುವಾಗ ಉಸಿರು ಮಾತಿನ ಬೆನ್ನು ಹತ್ತುತ್ತದೆ, ಎಣಿಕೆಗೆ ಸಿಗುವುದಿಲ್ಲ. ಮಾತು ನಿಲ್ಲಿಸಿದರೆ ಮತ್ತೆ ಅದೇ ತಾಲೀಮು. ಮೇಡಂ ಎರಡು ಕೈ ಕಟ್ಟಿಕೊಂಡು ಮಂಚದ ಕಾಲ ಬಳಿ ನಿಂತಿದ್ದರು. ಆಚೆ ಹಾಸಿಗೆ ಹೊರುವವರು "ಸೈಡು, ಸೈಡು," ಎನ್ನುತ್ತ ಓಡಾಡುತ್ತಿದ್ದರು. ಬೆನ್ನಲ್ಲಿ ಬೆವರು ಇಳಿಯಿತು. ಹದಿನೆಂಟು ಎಂದು ಹೇಳಿ ಎದ್ದುಬಿಡೋಣ ಎಂದು ನಾಲಿಗೆ ತುದಿಯವರೆಗೂ ಬಂತು.

"ಮೊದ್ಲು ಆ ಕಾಲು ನಿಲ್ಸು. ಮಂಚ ಅಲ್ಲಾಡ್ತಿದೆ," ಎಂದರು ಮುದುಕಿ.

ಅವನು ಮೊಣಕಾಲನ್ನು ಎಡಗೈಯಿಂದ ಅದುಮಿ ಹಿಡಿದ. ಹಿಡಿದುಕೊಂಡೇ, ತಾನು ಏನು ಮಾಡುತ್ತಿದ್ದೇನೆಂದು ಪೂರ್ತಿ ಗೊತ್ತಾಗುವ ಮೊದಲೇ, ಅವರ ಕೈ ಬಿಟ್ಟು ತನ್ನ ಬಲ ಮಣಿಕಟ್ಟನ್ನು ಹೊದಿಕೆಯ ಮೇಲೆ ಅಂಗಾತ ಇಟ್ಟ. "ಹಾಗಾದ್ರೆ ನನ್ನ ನಾಡಿ ನೀವೇ ನೋಡಿ ಸಿಸ್ಟರ್. ನಿಜ ಹೇಳ್ತೀನಿ, ಬೆರಳು ಎಲ್ಲಿಡ್ಬೇಕು ಅಂತ ನನಗಿನ್ನೂ ಸರಿಯಾಗಿ ಗೊತ್ತಿಲ್ಲ. ನಮಗೆಲ್ಲ ಯಂತ್ರನೇ ನೋಡ್ಕೊಡುತ್ತೆ." ಗಡಿಯಾರವನ್ನೂ ಬಿಚ್ಚಿ, ಇಬ್ಬರಿಗೂ ಕಾಣುವ ಹಾಗೆ ಪಕ್ಕದಲ್ಲಿಟ್ಟ.

ಮುದುಕಿ ಆ ಮಣಿಕಟ್ಟನ್ನೇ ನೋಡಿದರು. ಎದುರಿಗೆ ಬಂದ ಕೈಯನ್ನು ಹಾಗೇ ಬಿಡುವುದು ಅವರಿಂದ ಸಾಧ್ಯವಿರಲಿಲ್ಲ. ಮೂರು ಬೆರಳು ತಾವಾಗಿ ಜಾಗ ಹುಡುಕಿಕೊಂಡು ಕೂತವು. "ಇಲ್ಲಿ. ಹೆಬ್ಬೆರಳ ನೇರಕ್ಕೆ. ಒತ್ತಬಾರದು, ಇಡಬೇಕು," ಎಂದವರೇ ಬಾಯಿ ಮುಚ್ಚಿದರು. ಅವರ ಮುಖವೇ ಬೇರೆಯಾಯಿತು. ಸೊಂಟ ಮುರಿದದ್ದು, ಮಲಗಿರುವುದು, ಎದುರಿಗಿರುವವನು ಪರೀಕ್ಷೆಗೆ ಕೂತವನು ಎಂಬುದೆಲ್ಲ ಮರೆತಂತಿತ್ತು.

ಹೊದಿಕೆ ಏಳತೊಡಗಿತು, ಇಳಿಯತೊಡಗಿತು. ಯಾರ ಹಂಗೂ ಇಲ್ಲದ ಉಸಿರು. ಅವನು ಎಣಿಸಿದ. ಹತ್ತಾಯಿತು. ಹನ್ನೊಂದು ತಪ್ಪಲಿಲ್ಲ. ಎಲ್ಲಿಂದಲೋ ಮಗಳ ಓದು ನೆನಪಿಗೆ ಬಂತು, ಬಂದದ್ದು ಹೊದಿಕೆಯ ಆಚೆಯೇ ನಿಂತಿತು. ಮುದುಕಿಯ ಕುತ್ತಿಗೆಯ ಗುಳಿಯಲ್ಲಿ ಚರ್ಮ ಒಳಗೆ ಹೋಗಿ ಬರುವುದು ಕಾಣುತ್ತಿತ್ತು. ಒಬ್ಬ ಮನುಷ್ಯ ಬದುಕಿರುವುದು ಇಷ್ಟು ಹತ್ತಿರದಿಂದ ಹೀಗೆ ಕಾಣುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ. ಮುಳ್ಳು ಸುತ್ತು ಮುಗಿಸಿತು.

"ಇಪ್ಪತ್ತೊಂದು," ಎಂದ.

ಮೇಡಂ ಟವೆಲು ಎತ್ತಿದರು. ಹಸಿರು ಪರದೆಯಲ್ಲಿಯೂ ಇಪ್ಪತ್ತೊಂದೇ ಇತ್ತು. ಅವರು ಜೇಬಿನಿಂದ ಪೆನ್ನು ತೆಗೆದು, ನಿಂತಲ್ಲೇ ಸಹಿ ಹಾಕಿ, "ಆಯ್ತು, ಹೋಗಿ," ಎಂದರು. ಹೋಗುತ್ತಾ, "ಇದನ್ನ ನಾನು ಹೇಳ್ಕೊಟ್ಟಿರ್ಲಿಲ್ಲ," ಎಂದು ತಮ್ಮಷ್ಟಕ್ಕೇ ಅನ್ನುವಂತೆ ಅಂದರು.

ಅವನಿಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಸಂತೋಷವೂ ಆಯಿತು. ಆದರೆ ಪರದೆಯ ಮೇಲಿನ ಆ ಇಪ್ಪತ್ತೊಂದನ್ನು ನೋಡುತ್ತ, ಇಷ್ಟು ಬೆವರು ಸುರಿಸಿ ತಾನು ತಂದದ್ದು ಟವೆಲಿನ ಕೆಳಗೆ ಮೊದಲೇ ಇತ್ತಲ್ಲ ಎನಿಸಿತು. ಏಳಲು ಹೋದ. ಮುದುಕಿ ಕೈ ಬಿಟ್ಟಿರಲಿಲ್ಲ.

"ಇಪ್ಪತ್ತೆಂಟು," ಎಂದರು.

ಅವನು ನಕ್ಕುಬಿಟ್ಟ. "ನಾಡಿ ಇಪ್ಪತ್ತೆಂಟಾ? ಹಾಗಾದ್ರೆ ನಾನು ಸತ್ತು ಎಷ್ಟೊತ್ತಾಯ್ತು ಸಿಸ್ಟರ್?"

"ನಾಡಿ ಯಾರು ನೋಡಿದ್ರು?"

ಅವನು ತಲೆ ಬಗ್ಗಿಸಿ ತನ್ನ ಎದೆಯನ್ನೇ ನೋಡಿಕೊಂಡ.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದರು.

"ಪರೀಕ್ಷೆ ಅಲ್ವಾ ಅಮ್ಮ. ಅದಕ್ಕೇ ಸ್ವಲ್ಪ..."

"ಪರೀಕ್ಷೆ ಮುಗೀತು. ಈಗ್ಲೂ ಹಾಗೇ ಇದೆ."

ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಲಾರಿ ಕಂಪನಿ, ಹೂಗುಚ್ಛ, ಮಾವನ ಮನೆ, ಎಲ್ಲಿಂದ ಶುರುಮಾಡುವುದು? ಮಲಗಿದ್ದರೂ ಓಡುತ್ತಾನೆ ಎಂದು ಹೆಂಡತಿ ಹೇಳಿದ್ದು ಇದನ್ನೇ ಇರಬೇಕು. ಅವಳೂ ಕತ್ತಲಲ್ಲಿ ಪಕ್ಕದಲ್ಲಿ ಮಲಗಿ ಎಣಿಸುತ್ತಿದ್ದಳೋ ಏನೋ. ವಾರ್ಡಿನಲ್ಲಿ ಅಷ್ಟೊಂದು ಹಸಿರು ಸಂಖ್ಯೆಗಳಿದ್ದವು, ಸ್ಟೂಲಿನ ಮೇಲೆ ಕೂತವನದು ಯಾವುದರಲ್ಲೂ ಇರಲಿಲ್ಲ.

"ಕೂತ್ಕೋ. ಇನ್ನೊಂದ್ಸಲ ನೋಡ್ತೀನಿ," ಎಂದರು ಮುದುಕಿ. "ಸುಮ್ನೆ ಉಸಿರಾಡು."

ಕೂತ. ಸುಮ್ಮನೆ ಉಸಿರಾಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಎಳೆದುಕೊಂಡರೆ ಹೆಚ್ಚಾಯಿತೇನೋ ಎನಿಸಿತು, ಬಿಟ್ಟರೆ ಕಡಿಮೆಯಾಯಿತೇನೋ ಎನಿಸಿತು. ಮಾವನಂತೆ ಎದೆ ಉಬ್ಬಿತು.

"ಆಚೆ ಏನದು ಸದ್ದು?" ಎಂದು ಮುದುಕಿ ಕೇಳಿದರು. "ನನಗೆ ಇಲ್ಲಿಂದ ಕಾಣಲ್ಲ. ನೋಡಿ ಹೇಳು."

ಅವನು ಕಿಟಕಿಯ ಕಡೆ ತಿರುಗಿದ. ಕೆಳಗೆ ಅಂಗಳದಲ್ಲಿ ಒಂದು ಲಾರಿ ನಿಂತಿತ್ತು. ಹಿಂದಿನ ಬಾಗಿಲು ತೆರೆದು ಇಬ್ಬರು ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳನ್ನು ತಲೆಯ ಮೇಲೆ ಇಳಿಸಿಕೊಳ್ಳುತ್ತಿದ್ದರು. ಚಕ್ರಗಳಿಗೆಲ್ಲ ಕೆಂಪು ಮಣ್ಣು ಮೆತ್ತಿತ್ತು. ಹೆದ್ದಾರಿಯಲ್ಲಿ ಬಂದದ್ದಲ್ಲ ಇದು, ಒಳದಾರಿ ಹಿಡಿದಿದೆ, ಸೇತುವೆ ಇನ್ನೂ ರಿಪೇರಿಯಲ್ಲೇ ಇರಬೇಕು. ಹಾಗಿದ್ದರೆ ಬೆಳಕು ಹರಿಯುವ ಮೊದಲೇ ಹೊರಟಿದೆ. ಡ್ರೈವರ್ ಕ್ಯಾಬಿನ್ನಿನಲ್ಲೇ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದ. ಪಾಪ, ನಿದ್ದೆ ಬಾಕಿ ಇರುವವನನ್ನು ಕಳಿಸಿದ್ದಾರೆ. ಮಲಗಲಿ ಸ್ವಲ್ಪ ಹೊತ್ತು, ಎಲ್ಲ ಹಾಸಿಗೆ ಇಳಿಯುವವರೆಗೂ ಯಾರೂ ಎಬ್ಬಿಸದಿರಲಿ ಎಂದುಕೊಳ್ಳುತ್ತ ಅವನು ಗಾಜಿನ ಹತ್ತಿರ ಬಗ್ಗಿದ. ಅವನ ಮಣಿಕಟ್ಟಿನ ಮೇಲೆ ಮೂರು ಬೆರಳು ಹಾಗೇ ಇದ್ದವು.